ಎಲೆ ಮಗುಚುವ ಹೇನಕ್ಕ

ಹೇನಕ್ಕ ಯಾವ ಗಿಡವನ್ನೂ ಎದುರಿನಿಂದ ನೋಡಿದವರಲ್ಲ. ಹೂವು ಎಷ್ಟೇ ಉಜ್ವಲವಾಗಿ ಅರಳಿರಲಿ, ಹಣ್ಣು ಎಷ್ಟೇ ರಸಭರಿತವಾಗಿ ತೂಗುತ್ತಿರಲಿ, ಅವರ ಬಲಗೈ ತಾನಾಗಿ ಮುಂದೆ ಚಾಚಿ, ಕೆಳಗಿನ ಕೊಂಬೆಯ ಯಾವುದೋ ಒಂದು ಎಲೆಯನ್ನು ಎರಡೇ ಬೆರಳಲ್ಲಿ ಹಿಡಿದು, ಮಲಗಿದ ಕೂಸನ್ನು ಮಗ್ಗುಲು ಬದಲಿಸುವ ತಾಯಿಯ ಎಚ್ಚರದಿಂದ ಅದನ್ನು ಮಗುಚುತ್ತಿತ್ತು. ಎಲೆಯ ಬೆನ್ನೇ ಅವರ ಪ್ರಪಂಚ. ಸೂಜಿಮೊನೆಯಷ್ಟು ಬಾಯನ್ನು ಎಲೆಯ ನರಕ್ಕೆ ಊರಿ, ಸದ್ದಿಲ್ಲದೆ ಗಿಡದ ರಸವನ್ನು ಹೀರುತ್ತ ಸಂಸಾರ ನಡೆಸುವ ಸಸ್ಯಹೇನು, ಬಿಳಿನೊಣ, ಹಿಟ್ಟುತಿಗಣೆಗಳು ಅಲ್ಲಿಯ ಪ್ರಜೆಗಳು. ಅವುಗಳ ಜನನ, ಮರಣ, ವಲಸೆಗಳನ್ನು ಮೂವತ್ತೊಂದು ವರ್ಷ ಬರೆದಿಟ್ಟ ದಫ್ತರದಾರರು ಹೇನಕ್ಕ. ಮದುವೆಮನೆಯ ಬಾಗಿಲಲ್ಲಿಟ್ಟ ಕುಂಡ, ಆಸ್ಪತ್ರೆಯ ಅಂಗಳದ ಬೇಲಿ, ಬಸ್ಸಿಗೆ ಕಾಯುವ ಕಡೆಯ ಬಡಕಲು ಗಿಡ, ಯಾವುದನ್ನೂ ಅವರು ಸುಮ್ಮನೆ ದಾಟಿ ಹೋದದ್ದಿಲ್ಲ. ಹತ್ತು ನಿಮಿಷದ ದಾರಿಯನ್ನು ಅವರ ಜೊತೆ ನಡೆದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂಬುದು ಅವರ ಅತ್ತಿಗೆಯ ಹಳೆಯ ದೂರು.

ಅತ್ತಿಗೆ ಎಂದರೆ ಹೇನಕ್ಕನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಹೇನಕ್ಕ ಮದುವೆಯಾಗಲಿಲ್ಲ, ಏಕೆಂದು ಯಾರಾದರೂ ಕೇಳಿದರೆ ಅತ್ತಿಗೆಯೇ ಮುಂದಾಗಿ, ಬಂದ ಗಂಡುಗಳನ್ನೆಲ್ಲ ಇವಳು ಭೂತಗನ್ನಡಿ ಹಿಡಿದು ನೋಡಿದಳು, ಒಬ್ಬನೂ ನಿಲ್ಲಲಿಲ್ಲ ಎಂದು ನಕ್ಕು ಮಾತು ಮುಗಿಸುತ್ತಿದ್ದರು. ಹೇನಕ್ಕನ ಈ ಚಿತ್ರದ ಬಹುಪಾಲು ಗೆರೆಗಳು ಅತ್ತಿಗೆ ಕಂಡು ಹೇಳಿದವೇ. ಗೊಣಗುವ ದನಿಯಲ್ಲಿ ಹೊಗಳುವುದು ಅವರ ರೀತಿ.

ಹೇನಕ್ಕ ಕೆಲಸ ಮಾಡುತ್ತಿದ್ದದ್ದು ಸಸ್ಯಗಳ ತಪಾಸಣೆಯ ಕಚೇರಿಯೊಂದರಲ್ಲಿ. ಹೊರಗಿನಿಂದ ಬರುವ, ಇಲ್ಲಿಂದ ಹೊರಗೆ ಹೋಗುವ ಸಸಿ, ಹಣ್ಣು, ಹೂವುಗಳಲ್ಲಿ ಕೀಟವಿದೆಯೇ, ಇದ್ದರೆ ಯಾವುದು ಎಂದು ನೋಡಿ ಬರೆದು ಸಹಿ ಹಾಕುವುದು ಅವರ ಹೊಣೆ. ಉತ್ತರದ ಬೆಳಕು ಬೀಳುವ ಒಂದೇ ಕಿಟಕಿಯ ಕೋಣೆ, ಒಂದು ಸೂಕ್ಷ್ಮದರ್ಶಕ, ಗಾಜಿನ ಪಟ್ಟಿಗಳು ತುಂಬಿದ ಮರದ ಬೀರು. ಬಾಗಿಲ ಮೇಲಿನ ಫಲಕದಲ್ಲಿ ಒಂದು ಕಾಲಕ್ಕೆ ‘ಸಸ್ಯಹೇನು ಮತ್ತು ಇತರ ರಸ ಹೀರುವ ಕೀಟಗಳು’ ಎಂದಿತ್ತು. ಬಣ್ಣ ಉದುರಿ ಉದುರಿ ಕೊನೆಗೆ ‘ಹೇನು’ ಎಂಬುದಷ್ಟೇ ಓದಲು ಸಿಗುತ್ತಿತ್ತು. ಹೊಸದಾಗಿ ಬಂದ ಕಾವಲುಗಾರ ಮೊದಲ ದಿನವೇ ತನ್ನ ಕುರ್ಚಿಯನ್ನು ಆ ಬಾಗಿಲಿನಿಂದ ಎರಡು ಮಾರು ದೂರಕ್ಕೆ ಎಳೆದುಕೊಂಡು, ಸಂಜೆಯವರೆಗೆ ತಲೆ ಕೆರೆದುಕೊಂಡನಂತೆ. ಹೇನಕ್ಕ ಎಂಬ ಹೆಸರು ಅಲ್ಲಿಂದ ಹುಟ್ಟಿ ಕಚೇರಿ ದಾಟಿ, ಬೀದಿ ದಾಟಿ, ಮನೆಯ ಹೊಸ್ತಿಲಿಗೂ ಬಂತು. ಫಲಕಕ್ಕೆ ಬಣ್ಣ ಹೊಡೆಸುತ್ತೇವೆಂದು ಕೇಳಿದಾಗ, ಇರುವುದರಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದು ಅವರೇ ಬೇಡವೆಂದರು.

ಅವರ ಕೋಟಿನ ಬಗ್ಗೆ ಹೇಳಲೇಬೇಕು. ಬೂದುಬಣ್ಣದ, ಮೊಣಕಾಲಿಗೆ ಇಳಿಯುವ ಆ ಕೋಟನ್ನು ಹೊಲಿದವರು ಅತ್ತಿಗೆ. ಹೊರಗೆ ಎರಡು, ಒಳಗೆ ಒಂಬತ್ತು ಜೇಬುಗಳು, ಪ್ರತಿಯೊಂದರಲ್ಲೂ ಸ್ಪಿರಿಟ್ಟು ತುಂಬಿದ ಕಿರುಬೆರಳುದ್ದದ ಗಾಜಿನ ಕೊಳವೆಗಳು. ಹೇನಕ್ಕ ನಡೆದರೆ ದೂರದಿಂದಲೇ ಸಣ್ಣಗೆ ಕಿಣಿಕಿಣಿ ಕೇಳಿಸುತ್ತಿತ್ತು. ಆ ಸದ್ದಿಗೆ ಹರಟೆಕೋರ ಗುಮಾಸ್ತರು ಥಟ್ಟನೆ ಫೈಲು ಬಿಚ್ಚುತ್ತಿದ್ದರು. ಮುಡಿಯಲ್ಲಿ ಹೇರ್‌ಪಿನ್ನಿನ ಜಾಗಕ್ಕೆ ಚಿತ್ರಗಾರರ ಅತಿ ಸಣ್ಣ ಕುಂಚವೊಂದು ಸಿಕ್ಕಿಸಿಕೊಂಡಿರುತ್ತಿತ್ತು. ಹೇನನ್ನು ಚಿಮಟದಿಂದ ಹಿಡಿದರೆ ಅದು ನಜ್ಜುಗುಜ್ಜಾಗುತ್ತದೆ; ಒದ್ದೆ ಕುಂಚದ ತುದಿಯಿಂದ ಮುಟ್ಟಿದರೆ ತಾನೇ ಅಂಟಿಕೊಂಡು ಬರುತ್ತದೆ. ಕೊಲ್ಲಬೇಕಾದ ಜೀವವನ್ನೂ ಕಾಲು ಮುರಿಯದಂತೆ ಎತ್ತಬೇಕು, ಕಾಲಿನ ಗಂಟಿನಲ್ಲೇ ಅದರ ಗುರುತು ಇರುವುದು ಎಂಬುದು ಅವರ ನಿಷ್ಠೆ. ಬಿಳಿನೊಣದ ವಿಷಯದಲ್ಲಂತೂ ಅವರು ನೊಣವನ್ನು ತಿರುಗಿಯೂ ನೋಡುತ್ತಿರಲಿಲ್ಲ. ರೆಕ್ಕೆ ಬಂದ ಮೇಲೆ ಎಲ್ಲ ಬಿಳಿನೊಣಗಳೂ ಒಂದೇ ತರಹ ಕಾಣುತ್ತವೆ. ಎಲೆಗೆ ಅಂಟಿಕೊಂಡಿದ್ದ ಮರಿ ರೆಕ್ಕೆ ಪಡೆದು ಹಾರಿಹೋದ ಮೇಲೆ ಹಿಂದೆ ಬಿಟ್ಟ ಖಾಲಿ ಚಿಪ್ಪಿನಲ್ಲೇ ಅದರ ಕುಲಗೋತ್ರ ಬರೆದಿರುತ್ತದೆ. ಹೋದವರನ್ನು ಅವರು ಬಿಟ್ಟುಹೋದ ಮನೆಯಿಂದ ಗುರುತಿಸುವ ಈ ವಿದ್ಯೆಯಲ್ಲಿ ಅವರಿಗೆ ಸಾಟಿ ಇರಲಿಲ್ಲ.

ಮಾತು ಕಡಿಮೆ. ಆಡಿದರೆ ಅದರಲ್ಲಿ ಒಂದು ಪ್ರಶ್ನೆ ಖಂಡಿತ ಇರುತ್ತಿತ್ತು: “ಕಂಡಿದ್ದಾ, ಅಂದ್ಕೊಂಡಿದ್ದಾ?” ತೋಟಕ್ಕೆ ರೋಗ ಬಂದಿದೆ ಎಂದು ಓಡಿಬಂದ ಬೆಳೆಗಾರನಿಗೂ ಅದೇ, ಮೇಲಧಿಕಾರಿಗೂ ಅದೇ. ಒಮ್ಮೆ ಅತ್ತಿಗೆ, ಹಾಲು ಕೆಟ್ಟಿದೆ ಎಂದಾಗಲೂ ಪುಸ್ತಕದಿಂದ ತಲೆ ಎತ್ತದೆ ಅದನ್ನೇ ಕೇಳಿದರಂತೆ. ಅತ್ತಿಗೆ ಪಾತ್ರೆಯನ್ನು ಅವರ ಮೂಗಿನ ಕೆಳಗೆ ಹಿಡಿದು, ಎರಡೂ ಅಲ್ಲ, ಮೂಸಿದ್ದು ಎಂದರು.

ಕಚೇರಿಯ ಹೊಸ ಕಟ್ಟಡ ತೆರೆಯಲು ದೊಡ್ಡ ಅತಿಥಿಯೊಬ್ಬರು ಬಂದ ದಿನದ ಕತೆಯನ್ನು ಇಂದಿಗೂ ಅಲ್ಲಿ ಹೇಳುತ್ತಾರೆ. ಅತಿಥಿಯ ಕೈಗೆ ಹೂಗುಚ್ಛ ಕೊಟ್ಟಾಗಿತ್ತು. ಸಾಲಿನಲ್ಲಿ ನಿಂತಿದ್ದ ಹೇನಕ್ಕ ಮುಂದೆ ಬಂದು, ಒಂದು ನಿಮಿಷ ಎಂದು ಗುಚ್ಛವನ್ನು ತಿರುಗಿ ಇಸಕೊಂಡು, ಎಲೆ ಮಗುಚಿ, ಮುಡಿಯ ಕುಂಚ ತೆಗೆದು ಮೂರು ಹೇನುಗಳನ್ನು ಕೊಳವೆಗೆ ಇಳಿಸಿ, ಈಗ ಹಿಡ್ಕೊಳ್ಳಿ ಸರ್ ಎಂದು ಮರಳಿಸಿದರು. ಕಚೇರಿಯ ಮುಖ್ಯಸ್ಥರಾದ ದೊಡ್ಡ ಸಾಹೇಬರ ಮುಖ ಬಿಳಿಚಿಕೊಂಡಿತು. ಅತಿಥಿಗೆ ಮಾತ್ರ ಕುತೂಹಲ ಹುಟ್ಟಿ, ಏನದು ಎಂದರು. ಹೇನಕ್ಕ ಕಾಲು ಗಂಟೆ ಹೇಳಿದರು: ಇವುಗಳಲ್ಲಿ ಬೆಚ್ಚಗಿನ ದಿನಗಳಲ್ಲಿ ಗಂಡೇ ಇರುವುದಿಲ್ಲ, ತಾಯಿ ಮೊಟ್ಟೆಯಿಡದೆ ಜೀವಂತ ಹೆಣ್ಣುಮರಿ ಹಾಕುತ್ತದೆ, ಹುಟ್ಟುವ ಮಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು ರೂಪುಗೊಳ್ಳುತ್ತಿರುತ್ತಾಳೆ. ಅತಿಥಿ ಟೇಪು ಕತ್ತರಿಸುವುದನ್ನೇ ಮರೆತು ಒಳಗೆ ನಡೆದುಬಿಟ್ಟರು. ಮನೆಯಲ್ಲಿ ಇದನ್ನು ಕೇಳಿದ ಅತ್ತಿಗೆ, ಈ ಮನೆಯಲ್ಲೂ ಗಂಡಸರಿಲ್ಲ, ನಾವು ಮಾತ್ರ ಇಬ್ಬರಿಗೆ ಇಬ್ಬರೇ ಉಳಿದೆವಲ್ಲ ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮನೆಯ ಹಿಂದೆ ಅತ್ತಿಗೆಯ ಸಸಿತೋಟವಿತ್ತು. ಕಬ್ಬಿಣದ ಕಂಬಗಳ ಮೇಲೆ ಹಸಿರು ಬಲೆ ಹೊದಿಸಿದ ಉದ್ದನೆಯ ಚಪ್ಪರ, ಅದರಡಿಯಲ್ಲಿ ಕಪ್ಪು ಚೀಲಗಳಲ್ಲಿ ಸಾಲುಸಾಲಾಗಿ ನಿಂಬೆ, ಕಿತ್ತಳೆಯ ಕಸಿಸಸಿಗಳು. ಚಪ್ಪರದ ಕೊನೆಗೆ ಒಂದು ನಿಂಬೆಮರ. ಅತ್ತಿಗೆಯ ಗಂಡ ಹದಿನೇಳು ವರ್ಷ ಹಲವು ತಳಿಗಳನ್ನು ಕೂಡಿಸಿ ಕಳೆದು ಎಬ್ಬಿಸಿದ ತಾಯಿಮರ ಅದು. ಸಿಪ್ಪೆ ತೆಳು, ರಸ ಹೆಚ್ಚು. ಅದರ ಕಡ್ಡಿಯಿಂದ ಕಟ್ಟಿದ ಕಸಿಯೆಂದರೆ ಹೊಳೆಯಾಚೆಯ ತೋಟದವರು ವರ್ಷ ಮೊದಲೇ ಹೇಳಿಟ್ಟು ಕಾಯುತ್ತಿದ್ದರು. ಬಲೆಯ ಬಾಗಿಲಲ್ಲಿ ಅತ್ತಿಗೆ ಮಾಡಿದ ಒಂದು ಕಟ್ಟಳೆಯಿತ್ತು: ನಾದಿನಿ ಇದರೊಳಗೆ ಬರುವುದಾದರೆ ಆಫೀಸಿನ ಕಣ್ಣನ್ನು ಹೊರಗೆ ಬಿಟ್ಟು ಬರಬೇಕು. ಹೇನಕ್ಕ ಆ ಕಣ್ಣನ್ನು ಬಿಡಲಾರದೆ, ಒಳಗೆ ಹೋಗುವುದನ್ನೇ ಬಿಟ್ಟರು.

ಒಂದು ರಜೆಯ ದಿನ ಮಧ್ಯಾಹ್ನ ಮೂರಕ್ಕೆ ಅತ್ತಿಗೆ ಒಂದು ಸ್ಟೀಲ್ ಲೋಟ ಹಿಡಿದು, ಮೇಲೆ ತಟ್ಟೆ ಮುಚ್ಚಿಕೊಂಡು ನಾದಿನಿಯ ಕೋಣೆಗೆ ಬಂದರು. ಲೋಟದೊಳಗೆ ನಿಂಬೆಯ ಒಂದು ಎಳೆ ಚಿಗುರು. ಚಿಗುರು ಸುರುಟಿಕೊಂಡು, ಅದರ ಸಂದಿಯಲ್ಲಿ ನೂಲಿನಂಥ ಬಿಳಿ ಮೇಣದ ಎಳೆಗಳು.

“ಏನಿದು ನೋಡು,” ಎಂದರು ಅತ್ತಿಗೆ. “ಏನೂ ಅಲ್ಲ ಅಂದುಬಿಡು.”

ಹೇನಕ್ಕ ಕನ್ನಡಕ ತೆಗೆದು ಮಸೂರ ಹಿಡಿದರು. ಬಿಳಿ ಎಳೆಗಳ ನಡುವೆ ಕಿತ್ತಳೆ ಬಣ್ಣದ ಚಪ್ಪಟೆ ಮರಿಗಳು. ತೊಟ್ಟಿನ ಮೇಲೆ ಎರಡು ದೊಡ್ಡವು, ತಲೆ ತಗ್ಗಿಸಿ ಹಿಂಬದಿ ಎತ್ತಿ, ಓರೆಯಾಗಿ ಚುಚ್ಚಿಟ್ಟ ಮುಳ್ಳಿನ ಹಾಗೆ ಕೂತಿದ್ದವು. ಹಾಗೆ ಕೂರುವ ಕೀಟ ನಿಂಬೆಯ ಮೇಲೆ ಒಂದೇ: ಕಚೇರಿಯವರು ಸಿಲ್ಲಾ ಎಂದು ಕರೆಯುವ ಪುಟ್ಟ ಜೀವ. ರಸ ಹೀರುವುದು ಅದರ ಸಣ್ಣ ಅಪರಾಧ. ಮರದಿಂದ ಮರಕ್ಕೆ ಹಾರುವಾಗ ಅದು ಒಂದು ರೋಗವನ್ನು ಹೊತ್ತೊಯ್ಯುತ್ತದೆ. ಆ ರೋಗ ತಗಲಿದ ಮರದ ಎಲೆ ಅರ್ಧ ಹಳದಿ ಅರ್ಧ ಹಸಿರಾಗಿ, ಹಣ್ಣು ಬಲಿತರೂ ಮಾಗದೆ ಕಹಿಯಾಗಿ, ಕೆಲವೇ ವರ್ಷಗಳಲ್ಲಿ ಇಡೀ ಮರ ಒಣಗುತ್ತದೆ. ಅದಕ್ಕೆ ಮದ್ದಿಲ್ಲ. ಆ ಸೀಮೆಯಲ್ಲಿ ಆ ಕೀಟವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಎಷ್ಟು ಗಿಡದಲ್ಲಿದೆ ಎಂದು ಹೇನಕ್ಕ ಕೇಳಿದರು. ನಾಲ್ಕರಲ್ಲಿ ಎಂದರು ಅತ್ತಿಗೆ. ಯಾವಾಗ ನೋಡಿದಿರಿ ಎಂದದ್ದಕ್ಕೆ, ಬೆಳಿಗ್ಗೆ ಎಂದರು. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಅತ್ತಿಗೆ ಆ ಚಿಗುರನ್ನು ಮುಂದಿಟ್ಟುಕೊಂಡು ಏನು ಯೋಚಿಸಿದರೆಂದು ಹೇನಕ್ಕ ಕೇಳಲಿಲ್ಲ, ಅತ್ತಿಗೆಯೂ ಹೇಳಲಿಲ್ಲ. ಚಿವುಟಿ ಒಲೆಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಮರುದಿನ ಮುಂಜಾನೆ ಆರು ಸಾವಿರ ಸಸಿಗಳು ಲಾರಿ ಹತ್ತಿ ಹೊಳೆಯಾಚೆಗೆ ಹೋಗುವುದಿತ್ತು.

“ಅತ್ತಿಗೆ, ನಾಳೆ ಲಾರಿ ಹೋಗೋ ಹಾಗಿಲ್ಲ.”

“ಗೊತ್ತು,” ಎಂದರು ಅತ್ತಿಗೆ. “ಗೊತ್ತಿದ್ದೇ ತಂದೆ.”

ಬರಬೇಡಿ ಎಂದು ಆ ಸಂಜೆಯೇ ಫೋನು ಮಾಡಿದರೂ ಬೆಳೆಗಾರರ ಸಂಘದ ಕಾರ್ಯದರ್ಶಿ ನಂಬಲಿಲ್ಲ. ಬೇರೆ ಯಾರಿಗೋ ಸಸಿ ಕೊಡುವ ಹುನ್ನಾರ ಎಂದುಕೊಂಡು ಬೆಳಿಗ್ಗೆ ಲಾರಿಯ ಮುಂದಿನ ಸೀಟಿನಲ್ಲಿ ತಾವೇ ಕೂತು ಬಂದರು. ಗೇಟಿನಲ್ಲಿ ಹೇನಕ್ಕ ಕೋಟು ತೊಟ್ಟು ನಿಂತಿದ್ದರು. ಕಾರ್ಯದರ್ಶಿ ಮೊದಲು ಸಮಾಧಾನದಿಂದ ಮಾತಾಡಿದರು, ಆಮೇಲೆ ದನಿ ಏರಿಸಿದರು, ಕೊನೆಗೆ ಅರ್ಥವಾಗದವರ ಹಾಗೆ ಕೇಳಿದರು: “ನಿಮ್ಮನೆ ಗಿಡಾನ ನೀವೇ ತಡೀತೀರಾ?”

“ನಮ್ಮನೇದು ಅಂತಲೇ ಇಷ್ಟು ಬೇಗ ಗೊತ್ತಾಯ್ತು,” ಎಂದರು ಹೇನಕ್ಕ. “ಬೇರೆಯವರದ್ದಾಗಿದ್ರೆ ನಿಮ್ಮ ತೋಟಕ್ಕೆ ಬಂದ ಮೇಲೆ ಗೊತ್ತಾಗ್ತಿತ್ತು.”

ಲಾರಿ ಖಾಲಿ ತಿರುಗಿತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಅತ್ತಿಗೆಗೆ ಎದೆ ಬಿರಿಯುವಷ್ಟು ಸಂಕಟವಾಯಿತು. ಅದೇ ಎದೆ ಅಷ್ಟೇ ಉಬ್ಬಿತ್ತೆಂಬುದನ್ನು ಅವರು ಒಪ್ಪಿಕೊಳ್ಳಲು ವರ್ಷಗಳೇ ಬೇಕಾದವು.

ಕಚೇರಿಯಲ್ಲಿ ಕಷ್ಟ ಬೇರೆಯದಿತ್ತು. ದೊಡ್ಡ ಸಾಹೇಬರು ಕೆಟ್ಟವರಲ್ಲ, ಭಯಸ್ಥರು. ಈ ಕೀಟ ನಮ್ಮಲ್ಲಿಲ್ಲ ಎಂದು ಅವರ ಕಚೇರಿಯೇ ಹೊರಗಿನವರಿಗೆ ಬರೆದುಕೊಟ್ಟಿತ್ತು. ಈಗ ಇದೆ ಎಂದರೆ ಸೀಮೆಯ ಹಣ್ಣು ಹೊರಗೆ ಹೋಗುವುದೇ ನಿಲ್ಲಬಹುದು. ಅವರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಒಂದು ದಾರಿ ಹೇಳಿದರು. ಸಸಿಗಳನ್ನು ಸದ್ದಿಲ್ಲದೆ ಸುಟ್ಟುಬಿಡೋಣ, ದಾಖಲೆಯಲ್ಲಿ ಇದೇ ಜಾತಿಯ ಯಾವುದಾದರೂ ನಿರುಪದ್ರವಿಯ ಹೆಸರು ಬರೆಯೋಣ, ನಿಮ್ಮ ಅತ್ತಿಗೆಯ ಹೆಸರೂ ಕೆಡುವುದಿಲ್ಲ ಎಂದರು. ಹೇನಕ್ಕ ಒಪ್ಪಲಿಲ್ಲ.

“ಇದು ಇನ್ನೆಲ್ಲೆಲ್ಲಿದೆ ಅಂತ ಹುಡುಕಬೇಕಲ್ಲ ಸರ್. ನಾವು ಬೇರೆ ಹೆಸರು ಬರೆದ್ರೆ, ಹುಡುಕೋರು ಏನನ್ನ ಹುಡುಕ್ತಾರೆ?”

ಹೇನಕ್ಕ ಅಲ್ಲಿಗೆ ನಿಲ್ಲಿಸದೆ, ಇದು ನನ್ನ ಮನೆಯ ವಿಷಯವಾದ್ದರಿಂದ ನನ್ನೊಬ್ಬಳ ಮಾತು ಸಾಲದು, ಗಾಜಿನ ಪಟ್ಟಿಯನ್ನು ಕೊಂಕು ಮೇಷ್ಟ್ರಿಗೆ ಕಳಿಸಬೇಕು ಎಂದರು. ಕೊಂಕು ಮೇಷ್ಟ್ರು ಇನ್ನೊಂದು ಊರಿನಲ್ಲಿದ್ದ ನಿವೃತ್ತ ಪ್ರಾಧ್ಯಾಪಕರು. ಹೇನಕ್ಕ ಬರೆದ ಪ್ರತಿ ಲೇಖನದಲ್ಲೂ ತಪ್ಪು ಹುಡುಕಿ, ನಾಲ್ಕು ಪುಟದ ಪತ್ರ ಬರೆಯುವುದನ್ನು ಹದಿನೈದು ವರ್ಷದಿಂದ ವ್ರತದಂತೆ ನಡೆಸಿಕೊಂಡು ಬಂದವರು. ತನ್ನನ್ನು ಕಂಡರಾಗದವರ ಕೈಗೇ ತನ್ನ ಮಾತನ್ನು ಒಪ್ಪಿಸುವ ಆ ಛಲಕ್ಕೆ ಸಾಹೇಬರು ತಲೆಬಾಗಿದರು.

ಉತ್ತರ ಬರಲು ಆರು ದಿನ ಹಿಡಿಯಿತು. ಆ ಆರು ದಿನ ಬೀದಿ ಸುಮ್ಮನಿರಲಿಲ್ಲ. ಅತ್ತಿಗೆಯ ಏಳಿಗೆ ನಾದಿನಿಗೆ ಸಹಿಸಲಾಗಲಿಲ್ಲವೆಂದರು ಕೆಲವರು. ಹೆಸರಿಗಾಗಿ ಮನೆ ಮುರಿದಳೆಂದರು ಇನ್ನು ಕೆಲವರು. ಕಿರಾಣಿ ಅಂಗಡಿಯಲ್ಲಿ ಪಕ್ಕದ ಮನೆಯಾಕೆ ಅತ್ತಿಗೆಯ ಕೈ ಹಿಡಿದು, ಒಳಗಿನವಳೇ ಹೀಗೆ ಮಾಡಿದಳಲ್ಲ ಎಂದು ಮರುಗಿದರು. ನಾದಿನಿಯ ಜೊತೆ ಎರಡು ದಿನದಿಂದ ಮಾತು ಬಿಟ್ಟಿದ್ದ ಅತ್ತಿಗೆ ಕೈ ಬಿಡಿಸಿಕೊಂಡು ಹೇಳಿದರು: “ಮಾಡಿದ್ದು ನಾನು. ಅವಳು ಬರೆದಳು, ಅಷ್ಟೇ.”

ಏಳನೆಯ ದಿನ ಮೇಷ್ಟ್ರ ಫೋನು ಬಂತು. ನಮಸ್ಕಾರವಿಲ್ಲ, ಕುಶಲವಿಲ್ಲ. “ಎರಡು ದಿನ ಹುಡುಕಿದೆ ಕಣಮ್ಮಾ. ಈ ಸಲ ತಪ್ಪು ಸಿಗಲಿಲ್ಲ.”

ಸಸಿಗಳನ್ನು ಕೀಳಲು ಕಚೇರಿಯಿಂದ ಆಳುಗಳು ಬಂದರು. ಅತ್ತಿಗೆ ಯಾರನ್ನೂ ಬಲೆಯೊಳಗೆ ಬಿಡಲಿಲ್ಲ. ನಾನೇ ಕಟ್ಟಿದ ಕಸಿ, ನಾನೇ ಕೀಳುತ್ತೇನೆ ಎಂದು ಸೆರಗು ಸಿಕ್ಕಿಸಿ ಮೊದಲ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಎದುರಿನ ಸಾಲಿನಲ್ಲಿ ಹೇನಕ್ಕ ಬಂದು ಕೂತರು. ನಾಲ್ಕು ಹಗಲು ಇಬ್ಬರೂ ಮಾತಿಲ್ಲದೆ ಕಿತ್ತರು. ಬೆಂಕಿ ಹಾಕಿದ ಗುಂಡಿಯಿಂದ ನಿಂಬೆಯೆಲೆಯ ಘಮವೇ ಹೊಗೆಯಾಗಿ ಎದ್ದು ಬೀದಿಯನ್ನೆಲ್ಲ ತುಂಬಿತು. ನಾಲ್ಕನೆಯ ದಿನ ಕೊನೆಯ ಚೀಲ ಖಾಲಿಯಾದ ಮೇಲೆ ಅತ್ತಿಗೆ ತಾಯಿಮರದ ಕಡೆ ತಿರುಗಿದರು. ಅದರ ಎಲೆಗಳನ್ನು ಆಗಲೇ ರೋಗಪರೀಕ್ಷೆಗೆ ಕಳಿಸಿಯಾಗಿತ್ತು.

“ಅದು ಉಳಿಯುತ್ತಾ?”

“ಗೊತ್ತಿಲ್ಲ.”

“ಒಂದು ಸುಳ್ಳಾದ್ರೂ ಹೇಳಬಾರದಾ?”

ಹೇನಕ್ಕ ಮಣ್ಣಾದ ಕೈಯನ್ನು ನೋಡಿಕೊಂಡರು. “ಎಲ್ಲರಿಗೂ ನಿಜ ಹೇಳಿ ನಿಮಗೊಬ್ಬರಿಗೆ ಸುಳ್ಳು ಹೇಳಿದ್ರೆ, ನೀವು ನನಗೆ ಯಾರೂ ಅಲ್ಲ ಅಂದ ಹಾಗಾಗುತ್ತಲ್ಲ ಅತ್ತಿಗೆ.”

ಮರ ಉಳಿಯಲಿಲ್ಲ. ಒಂದು ಕೊಂಬೆಯಲ್ಲಿ ರೋಗ ಸಿಕ್ಕಿತು. ಅದನ್ನು ಕಡಿದ ದಿನ ಹೇನಕ್ಕ ಕೆಲಸಕ್ಕೆ ಹೋಗಲಿಲ್ಲ. ಮೂವತ್ತೊಂದು ವರ್ಷಗಳಲ್ಲಿ ಆರೋಗ್ಯವಿದ್ದೂ ಹಾಕಿದ ರಜೆ ಅದೊಂದೇ. ಅಣ್ಣನ ಮರದ ಬುಡದಲ್ಲಿ ಇಬ್ಬರೂ ಮಧ್ಯಾಹ್ನದವರೆಗೆ ಕೂತಿದ್ದರು. ಎದ್ದು ಒಳಗೆ ಬರುವಾಗ ಅತ್ತಿಗೆಯೇ ಮೊದಲು ಮಾತಾಡಿದರು: ಊಟಕ್ಕೆ ಏನು ಮಾಡಲಿ?

ಆಮೇಲೆ ನಡೆದದ್ದು ಕಡತಗಳಲ್ಲಿದೆ. ಸರಿಯಾದ ಹೆಸರು ಕೈಯಲ್ಲಿದ್ದುದರಿಂದ ಹುಡುಕುವವರಿಗೆ ಏನನ್ನು ಹುಡುಕಬೇಕೆಂಬುದು ತಿಳಿದಿತ್ತು. ಹೊಳೆಯ ಈಚೆ ಇನ್ನೂ ಎರಡು ಸಸಿತೋಟಗಳಲ್ಲಿ ಸಿಲ್ಲಾ ಸಿಕ್ಕಿತು. ಅವೂ ಬೆಂಕಿಗೆ ಹೋದವು. ಹೊರಗಿನವರು ಹಣ್ಣು ಕೊಳ್ಳುವುದನ್ನು ಒಂದು ಸುಗ್ಗಿ ನಿಲ್ಲಿಸಿದರು. ಇಷ್ಟು ಬೇಗ ಹೇಳಿದವರ ಮಾತನ್ನು ನಂಬಬಹುದೆಂದು ಮರುವರ್ಷ ತಾವೇ ಬಂದರು. ಹೊಳೆಯಾಚೆಯ ಸಾವಿರಾರು ಎಕರೆ ತೋಟಗಳಲ್ಲಿ ಒಂದೇ ಒಂದು ಕೀಟವೂ ಕಾಣಲಿಲ್ಲ. ಮೂರನೆಯ ವರ್ಷ, ಅಂದು ಗೇಟಿನಲ್ಲಿ ದನಿ ಏರಿಸಿದ್ದ ಕಾರ್ಯದರ್ಶಿಯೇ ಒದ್ದೆ ಗೋಣಿಯಲ್ಲಿ ಒಂದು ಕಟ್ಟು ಕಡ್ಡಿ ಸುತ್ತಿಕೊಂಡು ಬಂದರು. ಹತ್ತು ವರ್ಷದ ಹಿಂದೆ ಇದೇ ಮನೆಯಿಂದ ಹೋದ ಕಸಿಗಳು ಈಗ ಅವರ ತೋಟದಲ್ಲಿ ದೊಡ್ಡ ಮರಗಳಾಗಿದ್ದವು. ಅವುಗಳ ಕಡ್ಡಿ ಇದು, ಮತ್ತೆ ಶುರುಮಾಡಿ ಎಂದರು. ಗಂಡನ ನಿಂಬೆ ತವರಿಗೆ ಬಂದ ಮಗಳ ಹಾಗೆ ಹೊಸ್ತಿಲಲ್ಲಿ ನಿಂತದ್ದನ್ನು ಕಂಡು ಅತ್ತಿಗೆ ಎರಡೂ ಕೈ ಚಾಚಿದರು. ಹೇನಕ್ಕ ಮಾತ್ರ ಕಟ್ಟನ್ನು ಇಸಕೊಂಡು, ಪರೀಕ್ಷೆ ಮುಗಿಯುವವರೆಗೆ ಬೇರೆ ಕೋಣೆಯಲ್ಲಿಡಬೇಕು, ಮುಟ್ಟುವ ಹಾಗಿಲ್ಲ ಎಂದರು. ಬಾಣಂತಿಗೂ ಇಷ್ಟು ಪಥ್ಯವಿಲ್ಲ ಎಂದು ಗೊಣಗುತ್ತಲೇ ಅತ್ತಿಗೆ ದಿನಕ್ಕೆರಡು ಸಲ ಆ ಕೋಣೆಯ ಕಿಟಕಿಯಲ್ಲಿ ಇಣುಕುತ್ತಿದ್ದರು.

ಹೇನಕ್ಕ ನಿವೃತ್ತರಾದ ದಿನ ಅತ್ತಿಗೆ ಮೊತ್ತಮೊದಲ ಬಾರಿಗೆ ಆ ಕಚೇರಿಗೆ ಹೋದರು. ಭಾಷಣಗಳು ಮುಗಿದ ಮೇಲೆ, ಹೇನಕ್ಕನ ಜಾಗಕ್ಕೆ ಬಂದಿದ್ದ ಹೊಸ ಅಧಿಕಾರಿಣಿ ಅವರನ್ನು ಕೋಣೆಗೆ ಕರೆದೊಯ್ದು, ಬೀರುವಿನ ಒಂದು ಸೆಳೆಖಾನೆ ಎಳೆದು ಗಾಜಿನ ಪಟ್ಟಿಯೊಂದನ್ನು ಕೈಗಿತ್ತರು. ನಡುವೆ ಎಳ್ಳಿನಷ್ಟು ಚಿಕ್ಕ ಒಂದು ಕೀಟ, ರೆಕ್ಕೆ ಬಿಚ್ಚಿ, ಆರೂ ಕಾಲು ಮುರಿಯದಂತೆ ಹರಡಿಕೊಂಡು ಮಲಗಿತ್ತು. ಎಡಕ್ಕೆ ಅಂಟಿಸಿದ ಚೀಟಿಯಲ್ಲಿ ಇರುವೆಸಾಲಿನಂಥ ಅಕ್ಷರ: ನಿಂಬೆ, ಎಳೆ ಚಿಗುರು, ತಾರೀಖು. ಅದರ ಕೆಳಗೆ, ‘ಈ ಸೀಮೆಯಲ್ಲಿ ಮೊದಲು ಕಂಡು ಸಂಗ್ರಹಿಸಿದವರು’ ಎಂದಿದ್ದ ಕಡೆ, ಅತ್ತಿಗೆಯ ಪೂರ್ತಿ ಹೆಸರು. ಗಂಡನ ಹೆಸರಿನ ಆಸರೆಯಿಲ್ಲದೆ, ಅವರೊಬ್ಬರದೇ.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದ ನಾದಿನಿಯ ಕಡೆ ತಿರುಗಿ, ನಾನೇನು ಸಂಗ್ರಹ ಮಾಡಿದೆ, ಲೋಟದಲ್ಲಿ ತಂದೆ ಅಷ್ಟೇ ಎಂದರು.

“ತಂದವರ ಹೆಸರೇ ಬರೆಯೋದು ಅತ್ತಿಗೆ,” ಎಂದರು ಹೇನಕ್ಕ. “ತರೋದೇ ಕಷ್ಟ.”

ನಮ್ಮ ನಡುವೆ ಇಂಥವರು ವಿರಳವೇನಲ್ಲ. ಕಣ್ಣಿಗೆ ಬೀಳುವುದು ವಿರಳ. ಇವರು ವೇದಿಕೆ ಹತ್ತುವುದಿಲ್ಲ, ಧ್ವನಿ ಏರಿಸುವುದಿಲ್ಲ, ಶೌರ್ಯ ಎಂಬ ಶಬ್ದ ತಮಗೂ ಅನ್ವಯಿಸಬಹುದೆಂದು ಕನಸಿನಲ್ಲೂ ಎಣಿಸುವುದಿಲ್ಲ. ಯಾವುದೋ ಕೋಣೆಯ ಮೂಲೆಯಲ್ಲಿ ಕೂತು, ಅತ್ಯಲ್ಪವೆಂದು ಲೋಕ ಕಡೆಗಣಿಸಿದ್ದನ್ನು ದಿಟ್ಟಿಸಿ ನೋಡಿ, ಇದ್ದದ್ದನ್ನು ಇದೆ ಎಂದು, ಇಲ್ಲದ್ದನ್ನು ಇಲ್ಲ ಎಂದು ಬರೆದು ಕೆಳಗೆ ತಮ್ಮ ಹೆಸರು ಹಾಕುತ್ತಾರೆ. ಆ ಬರಹದಿಂದ ಯಾರಿಗೆ ನೋವಾಯಿತೋ ಅವರ ಜೊತೆಯಲ್ಲೇ ಮನೆಗೆ ಬಂದು ಉಣ್ಣುವ ಧೈರ್ಯವೂ ಇವರಿಗಿರುತ್ತದೆ. ತಮ್ಮವರೆಂಬ ಕಾರಣಕ್ಕೆ ಸತ್ಯವನ್ನು ಸಡಿಲಿಸುವುದು ಪ್ರೀತಿಯೆಂದು ನಾವು ತಿಳಿದಿರುತ್ತೇವೆ. ತಮ್ಮವರು ಆ ಸತ್ಯವನ್ನು ಹೊರಬಲ್ಲರು ಎಂದು ನಂಬುವುದನ್ನು ಪ್ರೀತಿಯೆಂದು ತಿಳಿದವರು ಇವರು. ಹೊಳೆಯಾಚೆಯ ಗಾಳಿಯಲ್ಲಿ ನಿಂಬೆ ಹೂವಿನ ಘಮ ತೇಲಿಬಂದಾಗ ಅದರ ಹಿಂದೆ ಇಂಥವರೊಬ್ಬರ ಸಹಿ ಇದೆಯೆಂದು ಯಾರೂ ನೆನೆಯುವುದಿಲ್ಲ. ನೆನೆಯಲಿ ಎಂದು ಅವರು ಸಹಿ ಹಾಕಿದ್ದೂ ಅಲ್ಲ.